ಸಣ್ಣ ಕಾರ್ಖಾನೆಯಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಿ ಮಾರುವುದು ಹೇಗೆ?

ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯಲ್ಲಿ ಕ್ರೂಕರ್ನ್ ಎಂಬ ಸಣ್ಣ ಪೇಟೆಯಿದೆ. ಅಲ್ಲಿರುವ ಏರಿಯಲ್ ಮೋಟಾರ್ ಕಂಪನಿ ವರ್ಷಕ್ಕೆ ಕಟ್ಟುವುದು ಹೆಚ್ಚುಕಡಿಮೆ 100 ಕಾರುಗಳನ್ನು ಮಾತ್ರ. ಅದರ ಆಟಮ್ ಕಾರಿಗೆ ಬಾಗಿಲಿಲ್ಲ, ಚಾವಣಿಯಿಲ್ಲ. ಉಕ್ಕಿನ ಕೊಳವೆಗಳ ಚೌಕಟ್ಟೇ ಅದರ ಮೈ. 1996ರಲ್ಲಿ ಕವೆಂಟ್ರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಿಕಿ ಸ್ಮಾರ್ಟ್ ಅವರ ಪ್ರಾಜೆಕ್ಟ್ ಆಗಿ ಹುಟ್ಟಿದ ಈ ಆಲೋಚನೆಯನ್ನು ಏರಿಯಲ್ ಸ್ಥಾಪಕ ಸೈಮನ್ ಸಾಂಡರ್ಸ್ ಕೈಗೆತ್ತಿಕೊಂಡು 2000ದ ಹೊತ್ತಿಗೆ ಮಾರಾಟಕ್ಕೆ ತಂದರು. ಅದಕ್ಕಿಂತ ಹತ್ತು ಪಟ್ಟು ಹಣವಿದ್ದ ಎಷ್ಟೋ ಕಂಪನಿಗಳು ಆಮೇಲೆ ಹುಟ್ಟಿ ಮುಳುಗಿವೆ. ಏರಿಯಲ್ ಇನ್ನೂ ನಡೆಯುತ್ತಿದೆ.

ಬೆಂಗಳೂರಿನ ಆರ್‌.ವಿ. ಕಾಲೇಜಿನ ಅಶ್ವ ರೇಸಿಂಗ್, ಮಣಿಪಾಲದ ಫಾರ್ಮುಲಾ ಮಣಿಪಾಲ್ ಇಂಥ ವಿದ್ಯಾರ್ಥಿಗಳ ರೇಸ್ ಕಾರು ತಂಡಗಳಲ್ಲಿ ಕೈ ಪಳಗಿಸಿಕೊಂಡು ಹೊರಬಂದವರು ನಮ್ಮಲ್ಲಿ ಬಹಳ ಮಂದಿ. ಕೆಲವರು ಇಲ್ಲೇ ವಾಹನ ಕಂಪನಿಗಳಲ್ಲಿದ್ದಾರೆ, ಕೆಲವರು ಬ್ರಿಟನ್ನಿನಲ್ಲಿ, ಜರ್ಮನಿಯಲ್ಲಿ. 'ನಾವೇ ಒಂದು ಕಾರು ಯಾಕೆ ಮಾಡಬಾರದು?' ಎಂಬ ಮಾತು ಅವರ ನಡುವೆ ಆಗಾಗ ಏಳುತ್ತದೆ. ಆ ಮಾತನ್ನು ನಿಜವಾಗಿ ನಡೆಸಿ ನೋಡಬೇಕೆನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಬ್ರಿಟನ್ನಿನವು, ಏಕೆಂದರೆ ಈ ಕಸುಬು ಬೇರುಬಿಟ್ಟಿರುವುದು ಅಲ್ಲಿ.

1. ಏನನ್ನು ಮಾಡುವುದಿಲ್ಲ ಎಂದು ಮೊದಲು ಬರೆಯಿರಿ

ಚಿತ್ರ ಬಿಡಿಸುವ ಮುಂಚೆ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ: ನಾವೇ ಮಾಡುವುದು, ಕೊಂಡು ತರುವುದು. ಮೊದಲ ಪಟ್ಟಿಯಲ್ಲಿ ನಾಲ್ಕೈದು ಸಾಲಿಗಿಂತ ಹೆಚ್ಚಿದ್ದರೆ ಅಳಿಸುತ್ತಾ ಬನ್ನಿ. ಚಾಸಿಸ್ ಎಂಬ ಮೂಲ ಚೌಕಟ್ಟು, ಚಕ್ರಗಳನ್ನು ಅದಕ್ಕೆ ಜೋಡಿಸುವ ಸಸ್ಪೆನ್ಷನ್ನಿನ ಜ್ಯಾಮಿತಿ, ಬಾಡಿಯ ಆಕಾರ, ಚಾಲಕ ಕೂರುವ ರೀತಿ. ಕಾರಿನ ಗುಣ ನಿಶ್ಚಯವಾಗುವುದು ಇವುಗಳಿಂದ, ನೀವು ಮಾಡಬೇಕಾದ್ದೂ ಇಷ್ಟೇ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಕ್ಯಾಲಿಪರ್, ಸ್ಟೀರಿಂಗ್ ರ‍್ಯಾಕ್, ದೀಪ, ಕನ್ನಡಿ, ಸ್ವಿಚ್ಚು ಎಲ್ಲವೂ ಎರಡನೇ ಪಟ್ಟಿಗೆ ಹೋಗಲಿ.

ಬ್ಲ್ಯಾಕ್‌ಪೂಲಿನ ಟಿವಿಆರ್ ಬಹಳ ಕಾಲ ಬೇರೆಯವರ ಎಂಜಿನ್ ಹಾಕಿಕೊಂಡೇ ನಡೆದ ಕಂಪನಿ. 1990ರ ದಶಕದಲ್ಲಿ ಸ್ವಂತ ಎಂಜಿನ್ ಮಾಡಿತು. ಅದರ ಸ್ಪೀಡ್ ಸಿಕ್ಸ್ ಎಂಜಿನ್ನಿನ ದನಿ ಕೇಳಿದವರು ಇವತ್ತಿಗೂ ಮರೆತಿಲ್ಲ. ಆದರೆ ಆರಂಭದ ಎಂಜಿನ್‌ಗಳಲ್ಲಿ ವಾಲ್ವ್ ತಳ್ಳುವ ಭಾಗಗಳು ಬೇಗ ಸವೆದವು, ವಾರಂಟಿಯ ಹೊರೆ ಕಂಪನಿಯ ಮೇಲೆ ಬಿತ್ತು. 2004ರಲ್ಲಿ ಮಾಲೀಕರು ಬದಲಾದರು, 2006ರಲ್ಲಿ ಉತ್ಪಾದನೆ ನಿಂತಿತು. ಕಾರಣಗಳು ಬೇರೆಯೂ ಇದ್ದವು. ಆದರೂ ಲಕ್ಷಗಟ್ಟಲೆ ಎಂಜಿನ್ ಮಾಡುವ ಕಂಪನಿ ಸಾವಿರಾರು ಗಂಟೆ ಬೆಂಚಿನ ಮೇಲೆ ಓಡಿಸಿ ಕಲಿತದ್ದನ್ನು ನೀವು ಗಿರಾಕಿಯ ಕಾರಿನಲ್ಲಿ ಕಲಿಯಲು ಹೋಗಬಾರದು. ಏರಿಯಲ್ ಮೊದಲು ರೋವರ್ ಕೆ-ಸೀರೀಸ್ ಎಂಜಿನ್ ಹಾಕಿತು, 2003ರಿಂದ ಹೋಂಡಾ ಸಿವಿಕ್ ಟೈಪ್-ಆರ್‌ನದು. ಎಂಜಿನ್ ಹೋಂಡಾದ್ದು ಎಂದು ಗಿರಾಕಿಗಳು ಮೂಗು ಮುರಿಯಲಿಲ್ಲ, ನಿಶ್ಚಿಂತೆಯಿಂದ ಕೊಂಡರು.

2. ಕಾನೂನನ್ನು ಓದಿದ ಮೇಲೆ ಪೆನ್ಸಿಲ್ ಹಿಡಿಯಿರಿ

ಯಾವ ದೇಶದ ರಸ್ತೆಗೆ ಈ ಕಾರು ಎಂಬುದು ಚಾಸಿಸ್ಸಿನ ಮೊದಲ ಗೆರೆಗಿಂತ ಮುಂಚೆ ನಿಶ್ಚಯವಾಗಬೇಕು. ದೀಪದ ಎತ್ತರ, ಬೆಲ್ಟಿನ ಕೊಂಡಿ ಎಲ್ಲಿ ಬರಬೇಕು, ಹೊಗೆಯ ಮಿತಿ ಎಲ್ಲ ಅದನ್ನೇ ಅವಲಂಬಿಸಿವೆ.

ಬ್ರಿಟನ್ನಿನಲ್ಲಿ ಒಂದೊಂದೇ ಕಾರನ್ನು ಪರೀಕ್ಷಿಸಿ ರಸ್ತೆಗೆ ಬಿಡುವ ಐವಿಎ ಎಂಬ ದಾರಿಯಿದೆ. 2009ರಲ್ಲಿ ಅದು ಹಳೆಯ ಎಸ್‌ವಿಎ ಪರೀಕ್ಷೆಯ ಜಾಗಕ್ಕೆ ಬಂತು. ಬಿಡಿಭಾಗಗಳ ಕಿಟ್ ಕೊಂಡು ಮನೆಯ ಶೆಡ್ಡಿನಲ್ಲಿ ಕಾರು ಜೋಡಿಸಿದವರೂ ಈ ದಾರಿಯಲ್ಲೇ ಬರುತ್ತಾರೆ. ಪರೀಕ್ಷೆ ಸುಲಭವೆಂದುಕೊಳ್ಳಬೇಡಿ. 100 ಮಿ.ಮೀ. ವ್ಯಾಸದ ಗೋಳವೊಂದು ಕಾರಿನ ಹೊರಮೈಯಲ್ಲಿ ಎಲ್ಲೆಲ್ಲಿ ತಾಗಬಲ್ಲುದೋ ಅಲ್ಲಿನ ಅಂಚುಗಳಿಗೆ ಕನಿಷ್ಠ 2.5 ಮಿ.ಮೀ. ತ್ರಿಜ್ಯದ ಉರುಟು ಇರಬೇಕು. ತೆರೆದ ಸಸ್ಪೆನ್ಷನ್ನಿನ ನಟ್ಟು, ಬೋಲ್ಟಿನ ತುದಿಗಳೆಲ್ಲ ಈ ಲೆಕ್ಕಕ್ಕೆ ಬರುತ್ತವೆ. ನಕ್ಷೆಯಲ್ಲೇ ನೋಡಿಕೊಂಡರೆ ಖರ್ಚಿಲ್ಲ. ಕಾರು ಮುಗಿದ ಮೇಲೆ ಗೊತ್ತಾದರೆ ಅಂಚುಗಳಿಗೆಲ್ಲ ರಬ್ಬರ್ ಪಟ್ಟಿ ಅಂಟಿಸುತ್ತಾ ಕೂರಬೇಕು.

ಸಂಖ್ಯೆ ಹೆಚ್ಚಾದರೆ ಸಣ್ಣ ಸರಣಿಯ ಅನುಮೋದನೆ ಬೇಕು. ಯುರೋಪಿಯನ್ ಒಕ್ಕೂಟದಲ್ಲಿ ಈಗಿನ ನಿಯಮದಂತೆ ಒಂದು ಮಾದರಿಯ ಪ್ರಯಾಣಿಕ ಕಾರಿಗೆ ವರ್ಷಕ್ಕೆ 1,500ರ ಮಿತಿ. ಅಮೆರಿಕದಲ್ಲಿ 2015ರ ಕಾನೂನು ಕನಿಷ್ಠ 25 ವರ್ಷ ಹಳೆಯ ಕಾರುಗಳ ಪ್ರತಿರೂಪ ಮಾಡುವ ಸಣ್ಣ ತಯಾರಕರಿಗೆ ವರ್ಷಕ್ಕೆ 325 ಕಾರುಗಳಷ್ಟು ವಿನಾಯಿತಿ ಕೊಟ್ಟಿದೆ. ಹೊಸ ಆಕಾರದ ಕಾರಿಗೆ ಅದು ಸಿಗುವುದಿಲ್ಲ.

ಭಾರತದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 126ನೇ ನಿಯಮದಂತೆ ತಯಾರಕರು ಮೂಲಮಾದರಿಯನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಮುಂತಾದ ಪರೀಕ್ಷಾ ಸಂಸ್ಥೆಗಳಿಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಇರುವ ಕಾರನ್ನು ಬದಲಾಯಿಸಿ ಹೊಸ ಹೆಸರಿಡುವ ಆಸೆ ಬೇಡ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಾದ ವಾಹನವನ್ನು ನೋಂದಾಯಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಇಲ್ಲಿ ಶುರು ಮಾಡುವವರಿಗೆ ನನ್ನ ಸಲಹೆ: ಮೊದಲ ಕಾರು ರೇಸ್ ಟ್ರ್ಯಾಕಿಗೆ ಮಾತ್ರವಿರಲಿ. ರಸ್ತೆಯ ನೋಂದಣಿ ಬೇಕಿಲ್ಲ, ಕಲಿಕೆ ಅಷ್ಟೇ ಆಗುತ್ತದೆ, ಕೊಳ್ಳುವುದಕ್ಕೂ ಜನ ಇದ್ದಾರೆ.

ಕಾನೂನು ಕಾರಿನ ಹಣೆಬರಹವನ್ನೇ ಬರೆದ ಎರಡು ನಿದರ್ಶನ ಕೊಡುತ್ತೇನೆ. ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಲೋಟಸ್ ಸೆವೆನ್ ಬಿಡಿಭಾಗಗಳ ಕಿಟ್ ಆಗಿ ಮಾರಾಟವಾಯಿತು. ಬಿಡಿಯಾಗಿ ಕೊಂಡರೆ ಅಂದಿನ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. 1973ರಲ್ಲಿ ವ್ಯಾಟ್ ಬಂದು ಆ ಅನುಕೂಲ ಹೋಯಿತು. ಅದೇ ವರ್ಷ ಸೆವೆನ್‌ನ ಹಕ್ಕು ಅದನ್ನು ಮಾರುತ್ತಿದ್ದ ಕೇಟರ್‌ಹ್ಯಾಮ್ ಸಂಸ್ಥೆಗೆ ದಾಟಿತು, ಅವರು ಇಂದಿಗೂ ಅದನ್ನು ಮಾಡುತ್ತಿದ್ದಾರೆ. ಇನ್ನೊಂದು ನಮ್ಮೂರಿನದೇ. ಚೇತನ್ ಮೈನಿ ಅವರ ರೇವಾ ಸಣ್ಣ ಎಲೆಕ್ಟ್ರಿಕ್ ಕಾರು, ಸ್ಪೋರ್ಟ್ಸ್ ಕಾರಲ್ಲ. ಆದರೆ ಉಕ್ಕಿನ ಕೊಳವೆಯ ಚೌಕಟ್ಟು, ಮೇಲೆ ಪ್ಲಾಸ್ಟಿಕ್ ಹಲಗೆ ಎಂಬ ಅದರ ಕಟ್ಟೋಣ ಸಣ್ಣ ತಯಾರಕರ ರೀತಿಯದೇ. 2001ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಅದು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ, ಕಾರುಗಳ ಡಿಕ್ಕಿ ಪರೀಕ್ಷೆ ಅನ್ವಯಿಸದ ಕ್ವಾಡ್ರಿಸೈಕಲ್ ಎಂಬ ಹಗುರ ನಾಲ್ಕು ಚಕ್ರದ ವಾಹನಗಳ ವರ್ಗದಲ್ಲಿ ಮಾರಾಟವಾಯಿತು. ಆ ವರ್ಗದಿಂದಾಗಿಯೇ ಬೇಗ ಅಲ್ಲಿಗೆ ತಲುಪಿತು. 2007ರಲ್ಲಿ ಅದನ್ನು ಡಿಕ್ಕಿ ಪರೀಕ್ಷೆಗೆ ಒಡ್ಡಿದಾಗ ಸುರಕ್ಷತೆಯ ಪ್ರಶ್ನೆ ಎದ್ದದ್ದೂ ಅದರಿಂದಲೇ. ನೀವು ಆರಿಸಿಕೊಂಡ ವರ್ಗ ನಿಮ್ಮ ಹೆಸರಿನ ಜೊತೆಗೇ ಉಳಿಯುತ್ತದೆ.

3. ತೂಕಕ್ಕೆ ಒಬ್ಬ ಯಜಮಾನ

ಸಣ್ಣ ತಯಾರಕರಿಗೆ ಅಶ್ವಶಕ್ತಿ ದುಬಾರಿ, ಹಗುರತನ ಅಗ್ಗ. ಕೇಟರ್‌ಹ್ಯಾಮ್ ಸೆವೆನ್ 170ಯಲ್ಲಿರುವುದು ಸುಜುಕಿಯ 660 ಸಿಸಿ ಟರ್ಬೊ ಎಂಜಿನ್, ಶಕ್ತಿ 84 ಅಶ್ವಶಕ್ತಿ. ಆದರೆ ಕಾರಿನ ತೂಕ 440 ಕೆ.ಜಿ. ಅಂದರೆ ಒಂದು ಅಶ್ವಶಕ್ತಿಗೆ ಸುಮಾರು 5.2 ಕೆ.ಜಿ. ಇದೇ ಅನುಪಾತ 1,200 ಕೆ.ಜಿ.ಯ ಕಾರಿಗೆ ಬೇಕಾದರೆ ಸುಮಾರು 230 ಅಶ್ವಶಕ್ತಿಯ ಎಂಜಿನ್ ಹಾಕಬೇಕು. ಅದಕ್ಕೆ ತಕ್ಕ ಗೇರ್‌ಬಾಕ್ಸು, ದೊಡ್ಡ ಬ್ರೇಕು, ದೊಡ್ಡ ರೇಡಿಯೇಟರು ಬೇಕು, ಆಗ ತೂಕ ಮತ್ತೆ ಏರುತ್ತದೆ.

ಆದ್ದರಿಂದ ತೂಕದ ಪುಸ್ತಕವೊಂದನ್ನು ಇಡಿ. ಪ್ರತಿ ಬಿಡಿಭಾಗಕ್ಕೂ ಅಂದಾಜು ತೂಕ, ಕೈಗೆ ಬಂದ ಮೇಲೆ ತಕ್ಕಡಿಯಲ್ಲಿ ತೂಗಿದ ತೂಕ, ಎರಡರ ವ್ಯತ್ಯಾಸ. ತಂಡದಲ್ಲಿ ಒಬ್ಬರನ್ನು ಇದಕ್ಕೇ ನೇಮಿಸಿ, ಅವರ ಸಹಿ ಇಲ್ಲದೆ ಯಾವ ಭಾಗವೂ ಕಾರಿನ ಮೇಲೆ ಏರದಿರಲಿ. ವೈರಿಂಗು, ದ್ರವಗಳು, ಬೋಲ್ಟುಗಳು, ಅಂಟು, ಬಣ್ಣ ಇವನ್ನು ಎಲ್ಲರೂ ಅಂದಾಜಿನಲ್ಲಿ ಮರೆಯುತ್ತಾರೆ.

4. ಎಂಜಿನ್ ಆರಿಸುವಾಗ

ಗ್ಯಾರೇಜಿನಲ್ಲಿ ಸಿಕ್ಕ ಒಂದು ಎಂಜಿನ್ ಸುತ್ತ ಕಾರು ಕಟ್ಟುವುದು ಹವ್ಯಾಸಿಗೆ ಸರಿ. ಮಾರುವ ಕಾರಿಗೆ ಅದೇ ಎಂಜಿನ್ ಮುಂದಿನ ಏಳೆಂಟು ವರ್ಷ ಸಿಗಬೇಕು. ತಯಾರಕರಿಂದ ನೇರವಾಗಿ, ಕಂಪ್ಯೂಟರ್ ಮತ್ತು ವೈರಿಂಗ್ ಸಮೇತ ಕೊಡುವ ಒಪ್ಪಂದ ಬರಹದಲ್ಲಿರಲಿ. ಈಗಿನ ಎಂಜಿನ್‌ಗಳು ಕಳ್ಳತನ ತಡೆಯುವ ಕೀಲಿಯ ಇಮ್ಮೊಬಿಲೈಸರ್, ಎಬಿಎಸ್, ಡ್ಯಾಶ್‌ಬೋರ್ಡ್ ಎಲ್ಲದರ ಜೊತೆ ಮಾತಾಡುತ್ತವೆ. ಅವು ಇಲ್ಲದಿದ್ದರೆ ಸ್ಟಾರ್ಟೇ ಆಗುವುದಿಲ್ಲ. ಇದಕ್ಕೆ ಪರಿಹಾರ ಸಿಗುವವರೆಗೆ ಚಾಸಿಸ್ಸಿನ ಉಕ್ಕು ತರಿಸಬೇಡಿ.

ಬೇರೆ ಕಾರಿನ ಚಾಸಿಸ್ಸನ್ನೇ ಎರವಲು ತಂದರೆ ಕೆಲಸ ಉಳಿಯುತ್ತದಲ್ಲ ಎನ್ನುವವರಿದ್ದಾರೆ. ಟೆಸ್ಲಾ ಸಣ್ಣ ಕಂಪನಿಯಾಗಿದ್ದಾಗ ಹಾಗೆಯೇ ಲೆಕ್ಕ ಹಾಕಿತು. 2008ರ ರೋಡ್‌ಸ್ಟರ್ ಹುಟ್ಟಿದ್ದು ಲೋಟಸ್ ಎಲೀಸ್‌ನ ಆಧಾರದ ಮೇಲೆ. ಆದರೆ ಸುಮಾರು 450 ಕೆ.ಜಿ.ಯ ಬ್ಯಾಟರಿ ಕೂರಿಸಲು ಚಾಸಿಸ್ ಬದಲಾಯಿತು, ಬಾಡಿ ಬದಲಾಯಿತು, ಕೊನೆಗೆ ಎಲೀಸ್‌ನ ಭಾಗಗಳು ಬಹಳ ಕಡಿಮೆ ಉಳಿದವು. ಮಾರಾಟವಾದದ್ದು ಸುಮಾರು 2,450 ಕಾರು. ನಿಮ್ಮ ಕಾರಿನ ಎಂಜಿನ್, ತೂಕ, ಆಸನದ ಜಾಗ ಎರವಲು ಕಾರಿನದಕ್ಕೆ ಹೊಂದದಿದ್ದರೆ ಹೊಸದಾಗಿ ಬರೆಯುವುದೇ ಅಗ್ಗ.

5. ಚಾಸಿಸ್: ಜಿಗ್, ಬೆಸುಗೆ, ತಿರುಚು ಪರೀಕ್ಷೆ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಿಮ್ಮ ಕಾರು ಒಳ್ಳೆಯದೋ ಕೆಟ್ಟದ್ದೋ ಎಂಬುದು ಇಲ್ಲೇ ತೀರ್ಮಾನ.

ಸಣ್ಣ ಸಂಖ್ಯೆಗೆ ಮೂರು ದಾರಿಗಳಿವೆ: ಉಕ್ಕಿನ ಕೊಳವೆಗಳ ಜಾಲ, ಬಗ್ಗಿಸಿದ ಅಲ್ಯುಮಿನಿಯಂ ಹಾಳೆಯ ತೊಟ್ಟಿ, ಎಲೀಸ್‌ನಂತೆ ಅಚ್ಚಿನಿಂದ ಎಳೆದ ಅಲ್ಯುಮಿನಿಯಂ ಪಟ್ಟಿಗಳನ್ನು ಅಂಟಿಸಿದ ಚೌಕಟ್ಟು. 1996ರಲ್ಲಿ ಬಂದ ಎಲೀಸ್‌ನ ಚಾಸಿಸ್ ಬರೀ 68 ಕೆ.ಜಿ. ತೂಗುತ್ತಿತ್ತು. ಅದು ಅದ್ಭುತ ಕೆಲಸ. ಆದರೆ ಅಂಟಿನ ಪ್ರಕ್ರಿಯೆಗೆ ಬೇಕಾದ ಶುಚಿತ್ವ, ಒಲೆ, ತಪಾಸಣೆ ಹೊಸಬರ ಕೈಗೆ ಎಟುಕುವುದಿಲ್ಲ. ಫೈಬರ್‌ನಲ್ಲೇ ಇಡೀ ಕಾರು ಕಟ್ಟುವ ಯೋಚನೆಯನ್ನೂ ಬಿಡಿ. 1957ರಲ್ಲಿ ಬೆಳಕಿಗೆ ಬಂದ ಲೋಟಸ್ ಎಲೀಟ್ ಹಾಗಿತ್ತು, ನೋಡಲು ಅಷ್ಟು ಚೆಲುವಾದ ಕಾರು ಬೇರೆಯಿಲ್ಲ, ಆದರೆ ಕಂಪನಿಗೆ ಅದರಿಂದ ನಷ್ಟವೇ ಆಯಿತು. 1962ರ ಎಲಾನ್‌ನಲ್ಲಿ ಚಾಪ್‌ಮನ್ ಉಕ್ಕಿನ ಬೆನ್ನೆಲುಬಿಗೆ ಬಂದರು, ಅದು ಕಂಪನಿಯನ್ನು ಮೇಲೆತ್ತಿತು. ನೀವು ಕೊಳವೆಯಿಂದಲೇ ಶುರು ಮಾಡಿ. ಸೆವೆನ್ ಮಾದರಿಯ ಕಾರುಗಳಲ್ಲಿ 25 ಮಿ.ಮೀ. ಚೌಕ, 1.6 ಮಿ.ಮೀ. ದಪ್ಪದ ಕೊಳವೆ ಸಾಮಾನ್ಯ.

ಮೊದಲು ಜಿಗ್. ಸಮತಟ್ಟಾದ ದಪ್ಪ ಉಕ್ಕಿನ ಮೇಜು, ಅದರ ಮೇಲೆ ಸಸ್ಪೆನ್ಷನ್ ಕೊಂಡಿಗಳ ಜಾಗವನ್ನು ಹಿಡಿದಿಡುವ ಗೂಟಗಳು. ಜಿಗ್‌ಗೆ ಹಾಕಿದ ಹಣ ದಂಡವೆಂದು ಅನೇಕರಿಗೆ ಅನ್ನಿಸುತ್ತದೆ. ಅದು ತಪ್ಪು. ಮೊದಲ ಕಾರಿನ ಮುಂಗಾಲಿ ಹತ್ತನೇ ಕಾರಿಗೆ ಹಾಗೆಯೇ ಕೂರಬೇಕಾದರೆ ಜಿಗ್ಗೇ ಬೇಕು. ಎಲ್ಲ ಕೊಳವೆಗಳನ್ನೂ ಮೊದಲು ಚುಕ್ಕೆ ಬೆಸುಗೆಯಲ್ಲಿ ನಿಲ್ಲಿಸಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು, ಮುಂದೊಂದು ಹಿಂದೊಂದು ಎಂದು ಜಾಗ ಬದಲಿಸುತ್ತಾ ಪೂರ್ತಿ ಬೆಸೆಯಿರಿ. ಒಂದೇ ಮೂಲೆಯಲ್ಲಿ ಶಾಖ ಕೂಡಿದರೆ ಚಾಸಿಸ್ ಬಾಗುತ್ತದೆ. ಸಸ್ಪೆನ್ಷನ್ ಕೊಂಡಿಗಳನ್ನು ಕೊನೆಗೆ, ಜಿಗ್‌ನಲ್ಲೇ, ಉದ್ದನೆಯ ಸರಳು ತೂರಿಸಿ ನೇರ ನೋಡಿಕೊಂಡು ಬೆಸೆಯಿರಿ. ಬೆಂಗಳೂರಿನ ಸುತ್ತಮುತ್ತ ಇರುವವರಿಗೆ ಪೀಣ್ಯದಲ್ಲಿ ಲೇತ್, ಮಿಲ್ಲಿಂಗ್, ಟಿಗ್ ವೆಲ್ಡಿಂಗ್ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಚಕ್ರದ ಹಬ್ ಹಿಡಿಯುವ ಅಪ್‌ರೈಟ್‌ನಂಥ ಎರಕದ ಭಾಗಗಳಿಗೆ ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳಿವೆ. ಸಣ್ಣ ಸಂಖ್ಯೆಯ ಕೆಲಸ ತೆಗೆದುಕೊಳ್ಳುವ ಯಜಮಾನರನ್ನು ಹುಡುಕಿ, ಹೋಗಿ ಕೂತು ಮಾತಾಡಿ.

ಇನ್ನು ತಿರುಚು ಪರೀಕ್ಷೆ. ಚಾಸಿಸ್ ತಿರುಚಿಕೊಂಡರೆ ಸ್ಪ್ರಿಂಗು, ಶಾಕ್‌ಅಬ್ಸಾರ್ಬರ್‌ಗಳ ಹೊಂದಾಣಿಕೆಗೆ ಅರ್ಥವೇ ಇರುವುದಿಲ್ಲ. ಕಂಪ್ಯೂಟರ್ ಲೆಕ್ಕ ಒಳ್ಳೆಯದೇ, ಆದರೆ ಕೈಯಾರೆ ಅಳೆಯಿರಿ. ಹಿಂದಿನ ಸಸ್ಪೆನ್ಷನ್ ಕೊಂಡಿಗಳನ್ನು ನೆಲಕ್ಕೆ ಬಿಗಿಯಿರಿ. ಮುಂಭಾಗದ ನಟ್ಟನಡುವೆ ಒಂದು ಊರುಗೋಲು, ಅದರ ಮೇಲೆ ಚಾಸಿಸ್ ಎಡಬಲ ವಾಲುವಂತಿರಲಿ. ಮುಂಭಾಗಕ್ಕೆ ಅಡ್ಡವಾಗಿ ಗಟ್ಟಿ ತೊಲೆ ಬಿಗಿದು ನಡುವಿನಿಂದ 1 ಮೀಟರ್ ದೂರದಲ್ಲಿ 100 ಕೆ.ಜಿ. ತೂಗುಹಾಕಿ. ಅಲ್ಲಿಗೆ 981 ನ್ಯೂಟನ್ ಮೀಟರ್ ತಿರುಚು ಬಲ ಬಿತ್ತು. ಡಯಲ್ ಗೇಜಿನಿಂದ ಎರಡೂ ಬದಿಯ ಏರಿಳಿತ ಅಳೆದು ಕೋನಕ್ಕೆ ಬದಲಿಸಿ. 0.25 ಡಿಗ್ರಿ ತಿರುಗಿತೆಂದರೆ ನಿಮ್ಮ ಚಾಸಿಸ್ಸಿನ ಬಿಗುವು ಡಿಗ್ರಿಗೆ ಸುಮಾರು 3,900 ನ್ಯೂಟನ್ ಮೀಟರ್.

ಒಂದೇ ಸಂಖ್ಯೆಗೆ ತೃಪ್ತರಾಗಬೇಡಿ. ಚಾಸಿಸ್ಸಿನ ಉದ್ದಕ್ಕೂ ಆರೇಳು ಜಾಗದಲ್ಲಿ ಗೇಜ್ ಇಟ್ಟು, ಹಿಂದಿನಿಂದ ಮುಂದಕ್ಕೆ ಕೋನ ಹೇಗೆ ಏರುತ್ತದೆಂದು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆಯಿರಿ. ಗೆರೆ ಎಲ್ಲಿ ಥಟ್ಟನೆ ಕಡಿದಾಗುತ್ತದೋ ಅಲ್ಲಿ ಚಾಸಿಸ್ ಸೋತಿದೆ. ತೆರೆದ ಕಾರುಗಳಲ್ಲಿ ಅದು ಹೆಚ್ಚಾಗಿ ಚಾಲಕ ಕೂರುವ ಜಾಗ, ಏಕೆಂದರೆ ಅಲ್ಲಿ ಮೇಲ್ಭಾಗ ಮುಚ್ಚಲು ಬರುವುದಿಲ್ಲ. ನಡುವಿನ ಸುರಂಗವನ್ನು ಎತ್ತರಿಸಿ ಮೇಲೆ ಹಾಳೆ ಮುಚ್ಚುವುದು, ಬದಿಯ ತೊಲೆಗಳನ್ನು ಆಳ ಮಾಡುವುದು, ಡ್ಯಾಶ್‌ಬೋರ್ಡಿನ ಹಿಂದೆ ಓರೆ ಕೊಳವೆ ಸೇರಿಸುವುದು ಇದಕ್ಕೆ ಮದ್ದು. ಪ್ರತಿ ಬದಲಾವಣೆಯ ನಂತರವೂ ಮತ್ತೆ ಅಳೆಯಿರಿ. ಎರಡು ಕೆ.ಜಿ. ಉಕ್ಕನ್ನು ಸರಿಯಾದ ಜಾಗದಲ್ಲಿ ಹಾಕಿದಾಗ ಸಿಗುವ ಲಾಭ ಕಣ್ಣಾರೆ ನೋಡಿದರೆ ನಂಬಲಾರಿರಿ. ನೆಲಕ್ಕೆ ಬಿಗಿದ ಚೌಕಟ್ಟೂ ಅಲುಗುತ್ತದೆ, ಅದನ್ನು ಅಳೆದು ಕಳೆಯುವುದನ್ನು ಮರೆಯಬೇಡಿ.

6. ಬಾಡಿ

ಬಾಡಿಗೆ ಫೈಬರ್ ಗ್ಲಾಸ್ ಸಾಕು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ತಂದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಕಾರು ನೆನಪಿದೆಯೇ? ಫೈಬರ್ ಬಾಡಿ, ರೆನೋದ 1,149 ಸಿಸಿ ಎಂಜಿನ್. ಅಂದಿನ ನಮ್ಮ ರಸ್ತೆಗೆ ಅದು ನಿಜವಾಗಿಯೂ ಧೈರ್ಯದ ಕೆಲಸ.

ಫೋಮ್ ಅಥವಾ ಎಂಡಿಎಫ್ ಎಂಬ ಒತ್ತಿದ ಮರದ ಹಲಗೆಯಲ್ಲಿ ಪೂರ್ಣಗಾತ್ರದ ಆಕೃತಿ ಕೆತ್ತಿ, ನುಣುಪು ಮಾಡಿ, ಬಿಸಿಲಿಗೆ ತಂದು ನೋಡಿ. ಒಳಗಿನ ಟ್ಯೂಬ್‌ಲೈಟಿನಲ್ಲಿ ಕಾಣದ ತಗ್ಗುದಿಣ್ಣೆ ಸಂಜೆಯ ಓರೆ ಬಿಸಿಲಿನಲ್ಲಿ ಕಾಣುತ್ತದೆ. ಅದರ ಮೇಲೆ ಅಚ್ಚು ತೆಗೆಯಿರಿ. ಅಚ್ಚು ಭಾಗಕ್ಕಿಂತ ಎರಡು ಮೂರು ಪಟ್ಟು ದಪ್ಪವಿರಲಿ, ಹಿಂದೆ ಉಕ್ಕಿನ ಚೌಕಟ್ಟಿನ ಆಸರೆ ಕೊಟ್ಟ ಮೇಲೆಯೇ ಬಿಡಿಸಿ. ಮೂತಿ, ಮಡ್‌ಗಾರ್ಡ್, ಬದಿಯ ಹಲಗೆ ಬೇರೆ ಬೇರೆಯಾಗಿರಲಿ. ಟ್ರ್ಯಾಕಿನಲ್ಲಿ ಮೂಲೆಯೊಂದು ಒಡೆದರೆ ಗಿರಾಕಿ ಅದೊಂದನ್ನೇ ಕೊಳ್ಳುವಂತಾಗಬೇಕು. ದೀಪಗಳನ್ನು ಹೊಸದಾಗಿ ಮಾಡಿಸಲು ಹೋಗಬೇಡಿ. ಅದರ ಅಚ್ಚು ಮತ್ತು ಅನುಮೋದನೆಯ ಖರ್ಚು ನಿಮ್ಮನ್ನು ತಿನ್ನುತ್ತದೆ. ಜಾಗ್ವಾರ್‌ನಂಥ ಕಂಪನಿಯೇ ತನ್ನ ಎಕ್ಸ್‌ಜೆ220ಗೆ ರೋವರ್ 200ರ ಹಿಂದೀಪ ಹಾಕಿತ್ತು.

7. ಓಡಿಸಿ ಮುರಿಯಿರಿ

ಚೆಂದದ ಬಾಡಿ ಬರುವ ಮುಂಚೆಯೇ ಬರೀ ಚೌಕಟ್ಟು, ಎಂಜಿನ್, ಸೀಟು ಇರುವ ಪರೀಕ್ಷಾ ಕಾರು ಓಡುತ್ತಿರಬೇಕು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕು ನಮಗೆ ಹತ್ತಿರ. ಹೆಚ್ಚಿನ ವೇಗಕ್ಕೆ ಇಂದೋರ್ ಬಳಿಯ ಪೀತಂಪುರದ ನ್ಯಾಟ್ರ್ಯಾಕ್ಸ್‌ನಲ್ಲಿ 11.3 ಕಿ.ಮೀ. ಉದ್ದದ ಪಥವಿದೆ.

ಟ್ರ್ಯಾಕಿಗೆ ಹೋಗುವ ಮೊದಲು ನಾಲ್ಕು ಚಕ್ರಗಳ ಕೆಳಗೂ ತೂಕದ ಯಂತ್ರ ಇಟ್ಟು, ಚಾಲಕನನ್ನು ಕೂರಿಸಿ, ಮೂಲೆಯ ತೂಕ, ಅಂದರೆ ಒಂದೊಂದು ಚಕ್ರದ ಮೇಲೆ ಬೀಳುವ ತೂಕ ಸರಿಮಾಡಿ. ಲ್ಯಾಪ್ ಸಮಯದ ಹಿಂದೆ ಬೀಳುವುದಕ್ಕಿಂತ ಸಪ್ಪೆಯಾದ ಪರೀಕ್ಷೆಗಳೇ ಮುಖ್ಯ. ಮಧ್ಯಾಹ್ನದ ಬಿಸಿಲಲ್ಲಿ ಇಪ್ಪತ್ತು ನಿಮಿಷ ಜೋರಾಗಿ ಓಡಿಸಿ, ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಚಾಲಕನ ಬೆನ್ನ ಹಿಂದೆ ಎಂಜಿನ್ ಇರುವ ಕಾರುಗಳು ಸೋಲುವುದು ಈ ಹೊತ್ತಿನಲ್ಲೇ. ಸಂಜೆಯ ಸಿಲ್ಕ್ ಬೋರ್ಡಿನಂಥ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ನಿಂತಂತೆ ಐಡಲ್‌ನಲ್ಲಿ ಬಿಟ್ಟು ನೀರಿನ ಶಾಖ ನೋಡಿ. ಮಳೆಯಲ್ಲಿ ಓಡಿಸಿ. ಗುಂಡಿ ಬಿದ್ದ ರಸ್ತೆಯಂಥ ಖಾಸಗಿ ದಾರಿಯಲ್ಲಿ ದಿನಗಟ್ಟಲೆ ಓಡಿಸಿ, ರಾತ್ರಿ ಬೆಸುಗೆಗಳನ್ನು ಟಾರ್ಚ್ ಹಿಡಿದು ತಪಾಸಣೆ ಮಾಡಿ. ಬಿರುಕು ಸಿಕ್ಕರೆ ಸಂತೋಷಪಡಿ, ಅದು ಗಿರಾಕಿಯ ಕೈಯಲ್ಲಿ ಸಿಗಲಿಲ್ಲ.

8. ಬೆಲೆ

ಲೆಕ್ಕಕ್ಕೆಂದು ಒಂದು ಉದಾಹರಣೆ. ಬಾಡಿಗೆ, ಸಂಬಳ, ವಿಮೆ, ಪ್ರಮಾಣಪತ್ರದ ಖರ್ಚಿನ ಪಾಲು ಸೇರಿ ವರ್ಷಕ್ಕೆ 3 ಕೋಟಿ ರೂಪಾಯಿ, ಒಂದು ಕಾರಿನ ಸಾಮಾನಿಗೆ 20 ಲಕ್ಷ ಎಂದುಕೊಳ್ಳಿ. ವರ್ಷಕ್ಕೆ 30 ಕಾರು ಮಾರಿದರೆ ಒಂದರ ಅಸಲು 30 ಲಕ್ಷ. 20 ಮಾತ್ರ ಮಾರಿದರೆ 35 ಲಕ್ಷ. ಇದರಲ್ಲಿ ಲಾಭ, ತೆರಿಗೆ, ವಾರಂಟಿಗೆ ಎತ್ತಿಡುವ ಹಣ ಯಾವುದೂ ಇಲ್ಲ. ಕಡಿಮೆ ಸಂಖ್ಯೆಯನ್ನು ಹಿಡಿದೇ ಬೆಲೆ ಕಟ್ಟಿ. ಮೊದಲ ಗಿರಾಕಿಗಳನ್ನು ಒಲಿಸಲು ಅಸಲಿಗಿಂತ ಕಡಿಮೆಗೆ ಮಾರಿದವರು ಆಮೇಲೆ ಬೆಲೆ ಏರಿಸಲಾಗದೆ ಕಂಗಾಲಾಗುತ್ತಾರೆ.

ಕಾರಿನ ಜೊತೆಗೆ ಇನ್ನೊಂದು ಆದಾಯ ಇದ್ದರೆ ಉಸಿರಾಡಬಹುದು. ಕ್ರೊಯೇಷಿಯಾದ ಮಾತೆ ರಿಮಾಕ್ ಹಳೆಯ ಬಿಎಂಡಬ್ಲ್ಯು ಒಂದನ್ನು ಎಲೆಕ್ಟ್ರಿಕ್‌ಗೆ ಬದಲಿಸುವುದರಿಂದ ಶುರು ಮಾಡಿದವರು. ಅವರ ಮೊದಲ ಕಾರು ಕಾನ್ಸೆಪ್ಟ್ ಒನ್ ತಯಾರಾದದ್ದು ಬೆರಳೆಣಿಕೆಯಷ್ಟು. ಕಂಪನಿ ಬೆಳೆದದ್ದು ಬೇರೆ ಕಾರು ತಯಾರಕರಿಗೆ ಬ್ಯಾಟರಿ, ಮೋಟಾರ್ ತಂತ್ರಜ್ಞಾನ ಮಾಡಿಕೊಟ್ಟು.

9. ಪ್ರಚಾರ: ನಿಮ್ಮ ಕಾರಿನಲ್ಲಿ ಮಾತ್ರ ಕಾಣುವುದು ಏನು?

2004ರಲ್ಲಿ ಬಿಬಿಸಿಯ ಟಾಪ್ ಗೇರ್ ಕಾರ್ಯಕ್ರಮದಲ್ಲಿ ಜೆರೆಮಿ ಕ್ಲಾರ್ಕ್‌ಸನ್ ಆಟಮ್ ಓಡಿಸಿದರು. ಮುಂದೆ ಗಾಜಿಲ್ಲ. ವೇಗ ಏರಿದಂತೆ ಗಾಳಿಯ ಹೊಡೆತಕ್ಕೆ ಅವರ ಕೆನ್ನೆಯ ಚರ್ಮ ಅಲೆಯಲೆಯಾಗಿ ಹಿಂದಕ್ಕೆ ಸರಿಯಿತು. ಆ ಕೆಲವು ಕ್ಷಣಗಳ ದೃಶ್ಯ ಜಗತ್ತನ್ನೇ ಸುತ್ತಿತು. ಕಂಪನಿ ಜಾಹೀರಾತಿಗೆ ಎಷ್ಟು ಸುರಿದಿದ್ದರೂ ಅಷ್ಟು ಸಿಗುತ್ತಿರಲಿಲ್ಲ. ಅದೃಷ್ಟ ಎನ್ನಬೇಡಿ. ಗಾಜು ಹಾಕದಿರುವ ತೀರ್ಮಾನ ಕಾರಿನ ಚಿತ್ರ ಬಿಡಿಸಿದ ದಿನವೇ ಆಗಿತ್ತು, ಕ್ಯಾಮೆರಾ ಆಮೇಲೆ ಬಂತು. ನಿಮ್ಮ ಕಾರಿನಲ್ಲಿ ಬೇರೆಲ್ಲೂ ಕಾಣದ್ದು, ಕ್ಯಾಮೆರಾಗೆ ಸಿಗುವಂಥದ್ದು ಏನಿದೆ? ಉತ್ತರವಿಲ್ಲದಿದ್ದರೆ ಪ್ರಚಾರದವರನ್ನು ಕರೆಯುವ ಬದಲು ವಿನ್ಯಾಸದ ಮೇಜಿಗೆ ಹಿಂತಿರುಗಿ.

ಪೀಟರ್‌ಬರೊದ ರ‍್ಯಾಡಿಕಲ್ ಬೇರೆ ದಾರಿ ಹಿಡಿಯಿತು. 1997ರಲ್ಲಿ ಹುಟ್ಟಿದ ಈ ಕಂಪನಿ ಸುಜುಕಿ ಹಯಬೂಸಾ ಬೈಕಿನ ಎಂಜಿನ್ ಆಧರಿಸಿದ ವಿ8 ಹಾಕಿದ ಎಸ್‌ಆರ್8 ಕಾರನ್ನು ಜರ್ಮನಿಯ 20.8 ಕಿ.ಮೀ. ಉದ್ದದ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ 2005ರಲ್ಲಿ 6 ನಿಮಿಷ 55 ಸೆಕೆಂಡಿನಲ್ಲಿ ಸುತ್ತಿಸಿತು, 2009ರಲ್ಲಿ 6 ನಿಮಿಷ 48 ಸೆಕೆಂಡಿಗೆ ಇಳಿಸಿತು. ಕಾರಿನ ಹೆಸರು ಕೇಳಿರದವರಿಗೂ ಆ ಅಂಕಿ ಅರ್ಥವಾಗುತ್ತದೆ. ಹೀಗೆ ಅಂಕಿಯ ಮೇಲೆ ನಿಲ್ಲುವುದಾದರೆ ಟೈರ್ ಯಾವುದು, ಕಾರು ರಸ್ತೆಯದೋ ಟ್ರ್ಯಾಕಿನದೋ ಎಲ್ಲವನ್ನೂ ಬಿಚ್ಚಿಟ್ಟು ಹೇಳಿ.

ಪತ್ರಕರ್ತರಿಗೆ ಕೊಡುವ ಕಾರು ಗಿರಾಕಿಗೆ ಕೊಡುವಂಥದ್ದೇ ಆಗಿರಬೇಕು. ಇಂಧನ ತುಂಬಿದ ತೂಕವನ್ನೇ ಹೇಳಿ. ಇಂಧನ, ದ್ರವಗಳಿಲ್ಲದ ಒಣ ತೂಕ ಕೊಟ್ಟು ಹಗುರವೆಂದು ತೋರಿಸಬೇಡಿ, ಅವರ ಬಳಿಯೂ ತಕ್ಕಡಿ ಇರುತ್ತದೆ. ಜೊತೆಗೊಬ್ಬ ಮೆಕ್ಯಾನಿಕ್, ಎರಡು ಜೊತೆ ಟೈರ್, ಬ್ರೇಕ್ ಪ್ಯಾಡ್ ಕಳಿಸಿ. ಕಾರನ್ನು ಕಟ್ಟಿದವರೇ ಹೋಗಿ ಪಕ್ಕದಲ್ಲಿ ನಿಂತು ಪ್ರಶ್ನೆಗಳಿಗೆ ಉತ್ತರ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು.

ಪ್ರದರ್ಶನಗಳಲ್ಲಿ ಇಂಗ್ಲೆಂಡಿನ ಗುಡ್‌ವುಡ್ ಫೆಸ್ಟಿವಲ್ ಆಫ್ ಸ್ಪೀಡ್ ಸಣ್ಣವರಿಗೆ ಹೇಳಿ ಮಾಡಿಸಿದಂತಿದೆ. 1993ರಲ್ಲಿ ಆರಂಭವಾದ ಈ ಉತ್ಸವದಲ್ಲಿ ದೊಡ್ಡ ಕಂಪನಿಯ ಕಾರೂ ನಿಮ್ಮ ಕಾರೂ ಒಂದೇ 1.86 ಕಿ.ಮೀ. ಏರುದಾರಿಯಲ್ಲಿ ಓಡುತ್ತವೆ. ಮುಂಬಯಿಯ ವಜಿರಾನಿ ಸಂಸ್ಥೆ ತನ್ನ ಶೂಲ್ ಕಾರನ್ನು 2018ರಲ್ಲಿ ಮೊದಲು ತೋರಿಸಿದ್ದು ಅಲ್ಲೇ. ಮುಚ್ಚಿದ ಸಭಾಂಗಣದಲ್ಲಿ ತಿರುಗುಮೇಜಿನ ಮೇಲೆ ನಿಲ್ಲಿಸಲು ಹಣ ಸುರಿಯುವುದಕ್ಕಿಂತ ಓಡುವ ಕಡೆ ಹೋಗಿ.

ಇನ್ನು ದಿನನಿತ್ಯದ ಪ್ರಚಾರ. ಕಟ್ಟುವ ಕೆಲಸವನ್ನೇ ವಿಡಿಯೊ ಮಾಡಿ, ವಾರಕ್ಕೊಂದರಂತೆ ಬಿಡಿ: ಬೆಸುಗೆ, ತಿರುಚು ಪರೀಕ್ಷೆ, ಮುರಿದ ಭಾಗ, ಅದನ್ನು ಸರಿಪಡಿಸಿದ ಬಗೆ. ಕನ್ನಡದಲ್ಲೇ ಮಾತಾಡಿ ಅಡಿಬರಹ ಬೇರೆ ಭಾಷೆಯಲ್ಲಿ ಕೊಟ್ಟರೂ ಜನ ನೋಡುತ್ತಾರೆ. ಏರಿಯಲ್‌ನಲ್ಲಿ ಒಂದು ಕಾರನ್ನು ಒಬ್ಬರೇ ಕುಶಲಕರ್ಮಿ ಮೊದಲಿಂದ ಕೊನೆಯವರೆಗೆ ಜೋಡಿಸುತ್ತಾರೆ, ಅವರ ಹೆಸರು ಕಾರಿನ ಮೇಲಿರುತ್ತದೆ. ಅಂಥ ಕಾರಿನ ಮಾಲೀಕರು ಸಿಕ್ಕವರಿಗೆಲ್ಲ ಆ ಹೆಸರು ತೋರಿಸದೆ ಇರುತ್ತಾರೆಯೇ?

10. ಓಡಲು ಒಂದು ಕಣ ಮಾಡಿಕೊಡಿ

ಕೊಂಡವರಿಗೆ ಕಾರು ಓಡಿಸಲು ನೆಪ ಬೇಕು. ಕೇಟರ್‌ಹ್ಯಾಮ್ 1995ರಿಂದ ಹೊಸಬರಿಗಾಗಿ ಅಕಾಡೆಮಿ ಸರಣಿ ನಡೆಸುತ್ತಿದೆ. ಎಲ್ಲರಿಗೂ ಒಂದೇ ಬಗೆಯ ಕಾರು. ಬೇಕಿದ್ದರೆ ತಾವೇ ಜೋಡಿಸಿ, ರೇಸಿಂಗ್ ಲೈಸೆನ್ಸ್ ಪಡೆದು ಸ್ಪರ್ಧೆಗಿಳಿಯುತ್ತಾರೆ. ಜಿನೆಟಾ ಕಂಪನಿಯ ಜೂನಿಯರ್ ಸರಣಿ 14ರಿಂದ 17 ವಯಸ್ಸಿನವರದು, ಮುಂದೆ ಫಾರ್ಮುಲಾ ಒನ್ ಚಾಲಕರಾದ ಲ್ಯಾಂಡೊ ನಾರಿಸ್ 2014ರಲ್ಲಿ ಅಲ್ಲಿ ಓಡಿಸಿದ್ದರು. ಸರಣಿಯಿದ್ದರೆ ಕಾರಿನ ಜೊತೆಗೆ ಬಿಡಿಭಾಗ, ದುರಸ್ತಿ, ತರಬೇತಿ ಎಲ್ಲದರಿಂದಲೂ ಹಣ ಬರುತ್ತದೆ.

ನಮ್ಮ ಪಕ್ಕದಲ್ಲೇ ಇದಕ್ಕೆ ಹಿರಿಯ ಮೇಲ್ಪಂಕ್ತಿಯಿದೆ. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿಯ ಭಾಗಗಳನ್ನು ಬಳಸಿ ಫಾರ್ಮುಲಾ ಮಾರುತಿ ಎಂಬ ಕಡಿಮೆ ಬೆಲೆಯ ರೇಸ್ ಕಾರುಗಳನ್ನು ಕಟ್ಟಿದರು. ಮುಂದೆ ಫಾರ್ಮುಲಾ ಒನ್ ತಲುಪಿದ ನಾರಾಯಣ್ ಕಾರ್ತಿಕೇಯನ್ ಎಳೆಯ ವಯಸ್ಸಿನಲ್ಲಿ ಕಾರು ರೇಸಿಗೆ ಇಳಿದದ್ದು ಅವುಗಳಲ್ಲೇ. 1995ರಲ್ಲಿ ವಿಮಾನ ಅಪಘಾತದಲ್ಲಿ ಕರಿವರ್ಧನ್ ತೀರಿಕೊಂಡರು. ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದು. ಭಾರತದಲ್ಲಿ ಸಣ್ಣ ತಯಾರಕರ ಕಾರು ನಡೆಯುವುದಿಲ್ಲ ಎನ್ನುವವರಿಗೆ ನಾನು ಕೊಡುವ ಉತ್ತರ ಇವರೇ.

11. ಮುಂಗಡ, ಬಿಡಿಭಾಗ, ಕಡತ

ಮುಂಗಡ ಹಣವನ್ನು ಬೇರೆ ಖಾತೆಯಲ್ಲಿಡಿ, ಆ ಕಾರಿನ ಸಾಮಾನು ತರಿಸುವವರೆಗೆ ಮುಟ್ಟಬೇಡಿ. ಹಿಂದಿನವರ ಕಾರು ಮುಗಿಸಲು ಮುಂದಿನವರ ಮುಂಗಡ ಬಳಸಲು ಶುರುವಾದ ದಿನ ಕಂಪನಿಯ ಕೊನೆಯ ದಿನಗಳ ಎಣಿಕೆ ಶುರುವಾಯಿತೆಂದೇ ತಿಳಿಯಿರಿ. ತಡವಾದರೆ ನೀವೇ ಮೊದಲು ಫೋನ್ ಮಾಡಿ ಹೇಳಿ. ಹಣ ವಾಪಸ್ ಕೇಳಿದವರಿಗೆ ಮಾತಾಡದೆ ಕೊಟ್ಟುಬಿಡಿ.

ಪ್ರತಿ ಚಾಸಿಸ್ ಸಂಖ್ಯೆಗೂ ಒಂದು ಕಡತ ಇರಲಿ: ಬೆಸೆದವರು ಯಾರು, ಬೋಲ್ಟುಗಳು ಯಾವ ಬ್ಯಾಚಿನವು, ಬ್ರೇಕ್ ಪೈಪ್ ಎಲ್ಲಿಯದು, ಮೂಲೆಯ ತೂಕ ಎಷ್ಟು, ಈಗಿನ ಮಾಲೀಕರು ಯಾರು. ಸ್ಟೀರಿಂಗಿನ ಒಂದು ಜಾಯಿಂಟಿನಲ್ಲಿ ದೋಷ ಕಂಡರೆ ಅದು ಯಾವ ಏಳು ಕಾರುಗಳಲ್ಲಿದೆ ಎಂದು ಅಂದೇ ಗೊತ್ತಾಗಬೇಕು, ಅಂದೇ ಅವರಿಗೆ ಕರೆ ಹೋಗಬೇಕು. ಮೂತಿ, ಮಡ್‌ಗಾರ್ಡ್, ಸಸ್ಪೆನ್ಷನ್ನಿನ ತೋಳಾದ ವಿಶ್‌ಬೋನ್, ಅಪ್‌ರೈಟ್‌ಗಳ ಕನಿಷ್ಠ ಎರಡು ಜೊತೆ ಸದಾ ಕಪಾಟಿನಲ್ಲಿರಲಿ. ಹಳೆಯ ಕಾರು ಮಾರಾಟಕ್ಕೆ ಬಂದಾಗ ನೀವೇ ಕೊಂಡು, ರಿಪೇರಿ ಮಾಡಿ, ಮತ್ತೆ ಮಾರಿ. ಹಳೆಯ ಕಾರಿನ ಬೆಲೆ ಬಿದ್ದರೆ ಹೊಸದಕ್ಕೆ ಗಿರಾಕಿ ಬರುವುದಿಲ್ಲ.

ಎರಡನೇ ಮಾದರಿಯ ಚಿತ್ರವನ್ನು ಗೋಡೆಗೆ ಅಂಟಿಸಿ ಇಟ್ಟುಕೊಳ್ಳಿ, ಹಣ ಹಾಕಲು ಮಾತ್ರ ಆತುರ ಬೇಡ. ಏರಿಯಲ್ ಆಟಮ್ ಒಂದನ್ನೇ ತಿದ್ದುತ್ತಾ ಬಂತು. ನಾಲ್ಕು ಚಕ್ರದ ಎರಡನೇ ಮಾದರಿಯಾದ ನೋಮ್ಯಾಡ್ ಗಿರಾಕಿಗಳನ್ನು ತಲುಪಿದ್ದು 2015ರಲ್ಲಿ. ಅದೂ ಕೊಳವೆಗಳ ಚೌಕಟ್ಟಿನ ಕಾರೇ, ಆಗ ಅದರ ಎಂಜಿನ್ ಕೂಡ ಹೋಂಡಾದ್ದೇ ಆಗಿತ್ತು.